ಘಟ್ಟ ಹತ್ತಿ ಬಂದ ಅಕ್ಕನಿಗೆ

ಹೆಸರು ಬರೆಯಬೇಡಿ ಎಂದಿರಿ, ಬರೆಯುವುದಿಲ್ಲ. ಆದರೆ ಕೃತಜ್ಞತೆ ಹೇಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಮೂರು ಶನಿವಾರ, ಸುರಿಯುವ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿ ಕುಮಟೆಯಿಂದ ಶಿರಸಿಗೆ ಬಂದಿರಿ. ಮಾತು ಕಷ್ಟವಾದ ಮಕ್ಕಳೊಡನೆ ಬೆರೆಯುವುದು ಹೇಗೆಂದು ನಮ್ಮಂಥ ಹನ್ನೊಂದು ಸ್ವಯಂಸೇವಕರಿಗೆ ಕಲಿಸಿದಿರಿ. ಬಸ್ಸಿನ ಖರ್ಚನ್ನೂ ತೆಗೆದುಕೊಳ್ಳಲಿಲ್ಲ.

ನಾವಾದರೋ ಮಗುವಿನ ಮುಂದೆ ಕುಳಿತು ‘ಹೆಸರೇನು, ಇದು ಯಾವ ಬಣ್ಣ’ ಎಂದು ಒಂದೇ ಸಮನೆ ಕೇಳುತ್ತಿದ್ದೆವು. ನೀವು ಏನೂ ಕೇಳಲಿಲ್ಲ. ಏಳು ವರ್ಷದ ಆ ಹುಡುಗ ಚಾಪೆಯ ಮೇಲೆ ಅಡಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನೀವೂ ಪಕ್ಕದಲ್ಲಿ ಇನ್ನೊಂದು ಸಾಲು ಜೋಡಿಸಿದಿರಿ. ಅವನು ‘ಹ್ಞೂಂ’ ಎಂದರೆ ನೀವೂ ಅದೇ ದನಿಯಲ್ಲಿ ‘ಹ್ಞೂಂ’ ಎಂದಿರಿ. ಆಮೇಲೆ ಕಾದಿರಿ. ಆ ಮೌನವನ್ನು ತಡೆದುಕೊಳ್ಳುವುದೇ ನಮಗೆ ಕಷ್ಟವಾಯಿತು. ಕೊನೆಗೆ ಅವನು ಒಂದು ಅಡಿಕೆ ಎತ್ತಿ, ನಿಮ್ಮ ಅಂಗೈಯಲ್ಲಿಟ್ಟು, ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡರು.

ಇದು 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ‘ಇಂಟೆನ್ಸಿವ್ ಇಂಟರಾಕ್ಷನ್’ ವಿಧಾನ ಎಂದು ಆಮೇಲೆ ತಿಳಿಸಿದಿರಿ. ಮೊದಲು ಮಾಡಿ ತೋರಿಸಿ, ಹೆಸರನ್ನು ಕಡೆಗೆ ಹೇಳಿದ್ದು ನನಗೆ ಬಹಳ ಹಿಡಿಸಿತು.

ನೀವು ಬಿಡಿಸಿಕೊಟ್ಟ ಚಿತ್ರದ ಕಾರ್ಡುಗಳು ಇನ್ನೂ ಇವೆ: ನೀರು, ದೋಸೆ, ಸಾಕು. ‘ಸಾಕು’ ಎನ್ನಲು ಮಗುವಿಗೆ ದಾರಿ ಬೇಕೇ ಬೇಕು ಎಂದು ಒತ್ತಿ ಹೇಳಿದ್ದಿರಿ. ಆ ಕಾರ್ಡಿನ ಅಂಚು ಈಗ ಸವೆದುಹೋಗಿದೆ.

ನಿನ್ನೆ ಅವನು ನನ್ನ ಕೈಗೂ ಒಂದು ಅಡಿಕೆ ಕೊಟ್ಟ. ಮೊದಲು ನಿಮಗೇ ತಿಳಿಸಬೇಕೆನಿಸಿತು, ಅಕ್ಕಾ.