ಟಿಕೆಟ್ ಯಾರದು, ಪುಟ್ಟಿ?

ಪ್ರೀತಿಯ ಪುಟ್ಟಿ,

ಅಕ್ಕ ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. "ಕೆಲಸ ಬಿಟ್ಟು ದೇಶ ಸುತ್ತುತ್ತಾಳಂತೆ, ಪರಿಸರದ ಬಗ್ಗೆ ಬರೀತಾಳಂತೆ. ಸ್ವಲ್ಪ ಬುದ್ಧಿ ಹೇಳೋ" ಅಂದಳು. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ತಮ್ಮನ ಹತ್ತಿರ ಬುದ್ಧಿ ಕೇಳುತ್ತಿದ್ದೇನೆ ಅಂತ ಅವಳಿಗೆ ಹೊಳೆಯಲಿಲ್ಲ, ಪಾಪ.

ಹೋಗಬೇಡ ಅಂತ ನಾನಂತೂ ಹೇಳುವುದಿಲ್ಲ. ಆದರೆ ನಿನ್ನ ಮೇಲ್‌ನಲ್ಲಿದ್ದ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ಯಾವುದೋ ದ್ವೀಪದ ರೆಸಾರ್ಟ್‌ನವರು ಟಿಕೆಟ್, ರೂಮು, ಊಟ ಎಲ್ಲ ಕೊಡುತ್ತಾರೆ, ಹೋದಾಗಲೇ ಅಲ್ಲಿನ ಹವಳದ ದಿಬ್ಬಗಳ ಬಗ್ಗೆಯೂ ಬರೆದುಬಿಡುತ್ತೇನೆ ಅಂದಿದ್ದೀಯಲ್ಲ, ಅದು.

ನಾನೂ ಹಾಗೆ ಹೋಗಿದ್ದವನೇ. ಎಲ್ಲಿ ಅನ್ನುವುದು ಬೇಡ. ಐದು ದಿನದ ಪ್ರವಾಸ. ನಾಲ್ಕನೇ ದಿನ ಬೆಳಿಗ್ಗೆ ಸುಮ್ನೆ ವಾಕಿಂಗ್ ಅಂತ ಅಡುಗೆಮನೆ ಹಿಂದಿನ ದಾರಿ ಹಿಡಿದೆ. ಕಪ್ಪು ಪೈಪೊಂದು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದವರೆಗೆ ಹೋಗಿತ್ತು. ಅದರ ಬಾಯಿಂದ ಬೂದು ಬಣ್ಣದ ನೀರು, ಮೇಲೆ ನೊರೆ. ಬೆಳ್ಳಂದೂರು ಕೆರೆ ನೋಡಿದವನಿಗೆ ನೊರೆಯ ಪಾಠ ಬೇಕಾ? ಸುತ್ತಲಿನ ಗಿಡಗಳು ಅರ್ಧ ಒಣಗಿದ್ದವು. ವಾಪಸ್ ಬಂದು ತಿಂಡಿಗೆ ಕೂತೆ. ನಾನು ಮಾಂಸ ತಿನ್ನುವುದಿಲ್ಲ ಅಂತ ತಿಳಿದು ಮ್ಯಾನೇಜರ್ ನನಗೋಸ್ಕರ ದೋಸೆ ಮಾಡಿಸಿದ್ದ. ಕಂಬಳಿಯಷ್ಟು ದಪ್ಪ, ಚಟ್ನಿಗೆ ಸಕ್ಕರೆ ಬೇರೆ. ಪಕ್ಕದಲ್ಲೇ ನಿಂತು "ಚೆನ್ನಾಗಿದೆಯಾ?" ಅಂತ ಎರಡು ಸಲ ಕೇಳಿದ.

ಊರಿಗೆ ಬಂದು ಲೇಖನ ಬರೆದೆ. ಸೂರ್ಯಾಸ್ತ ಬಂತು, ದೋಸೆಯೂ ಬಂತು. ಪೈಪು ಬರಲಿಲ್ಲ. ಬರೆಯಬೇಡ ಅಂತ ಯಾರೂ ಹೇಳಿರಲಿಲ್ಲ ಕಣೇ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಿಮ್ಮಜ್ಜಿ ನನಗೂ ಅಕ್ಕನಿಗೂ ಹೇಳಿಕೊಟ್ಟೇ ಬೆಳೆಸಿದ್ದು. ಅಜ್ಜಿಯ ಮಾತು ತಪ್ಪು ಅಂತಲೂ ನಾನು ಹೇಳಲಾರೆ. ಹಾಗಾಗಿ ಅಂದಿನಿಂದ ಬರೆಯಬೇಕಾದ ಮನೆಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟೆ.

ಹಾಗಾದರೆ ದುಡ್ಡು? ಹತ್ತಿರದಿಂದ ಶುರು ಮಾಡು. ಬೆಂಗಳೂರಿನಿಂದ ಕೊಲಂಬೊ ಸುಮಾರು ಒಂದೂವರೆ ಗಂಟೆಯ ವಿಮಾನ. ಸಿಲ್ಕ್ ಬೋರ್ಡ್ ದಾಟುವುದಕ್ಕೆ ಕೆಲವು ಸಂಜೆ ಅಷ್ಟೇ ಹೊತ್ತು ಬೇಕು. 2021ರ ಮೇ ತಿಂಗಳಲ್ಲಿ ಕೊಲಂಬೊ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಅನ್ನುವ ಹಡಗಿಗೆ ಬೆಂಕಿ ಬಿತ್ತು, ಜೂನ್‌ನಲ್ಲಿ ಮುಳುಗಿತು. ಅದರಲ್ಲಿ 25 ಟನ್ ನೈಟ್ರಿಕ್ ಆಮ್ಲ ಇತ್ತು. 1,600 ಟನ್‌ಗೂ ಜಾಸ್ತಿ ಪ್ಲಾಸ್ಟಿಕ್ ಕಾಳು ಇತ್ತು. ಬಕೆಟ್ಟು, ಬಾಟಲಿ ಮಾಡುವುದಕ್ಕೆ ಕರಗಿಸುವ ಕಚ್ಚಾ ಮಾಲು ಅದು. ಆ ಕಾಳು ರಾಶಿ ರಾಶಿ ದಡಕ್ಕೆ ಬಂತು. ಮೀನುಗಾರಿಕೆ ನಿಂತಿತು. ಜನ ಹೆದರಿ ಮೀನು ತಿನ್ನುವುದನ್ನೇ ಕಡಿಮೆ ಮಾಡಿದರು.

ಕೊಲಂಬೊ ಹತ್ತಿರದ ಮೀನುಗಾರರ ಊರು ನೆಗೊಂಬೊಗೆ ನಾನು ಹೋದದ್ದು ಎರಡು ವರ್ಷ ಆದ ಮೇಲೆ, ನನ್ನ ದುಡ್ಡಲ್ಲಿ. ದಡದಲ್ಲಿ ತೆಂಗಿನ ನಾರಿನ ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರು. ಪಕ್ಕದಲ್ಲಿ ಕೂತು ಒಂದು ಹಿಡಿ ಮರಳು ತೆಗೆದು ಊದಿದೆ. ಅಂಗೈಯಲ್ಲಿ ಬಿಳಿ ಕಾಳು ಉಳಿದವು. ಥೇಟ್ ಸಬ್ಬಕ್ಕಿ. ಮೀನು ತಿರುವಿಹಾಕುತ್ತಿದ್ದ ಹೆಂಗಸು ನಕ್ಕಳು. ಬೆಂಗಳೂರಿನ ಬೀದಿಯಲ್ಲಿ ಕಲಿತ ನನ್ನ ಹರಕುಮುರುಕು ತಮಿಳು ಅವತ್ತು ಕೈಹಿಡಿಯಿತು. ಅವಳೂ ತಮಿಳು ಬಲ್ಲವಳು. ಪರಿಹಾರದ ಪಟ್ಟಿಯಲ್ಲಿ ದೋಣಿ ಇದ್ದವರ ಹೆಸರು ಇದೆ, ಮೀನು ಒಣಗಿಸುವ ತನ್ನ ಹೆಸರು ಇಲ್ಲ ಅಂದಳು. ನನ್ನ ಸ್ಟೋರಿ ಅಲ್ಲಿಂದ ಶುರುವಾಯಿತು.

ಆ ಪ್ರವಾಸದಲ್ಲಿ ಎರಡು ಲೇಖನ ಬರೆದೆ. ಒಂದು ಪ್ರವಾಸದ್ದು: ಡಚ್ಚರ ಕಾಲುವೆ, ಚರ್ಚು, ಬೆಳಗಿನ ಮೀನು ಮಾರ್ಕೆಟ್ಟು. ಅದರಲ್ಲಿ ಅಸಲು ಹುಟ್ಟಿತು. ಅದರಲ್ಲೂ ಆ ಕಾಳುಗಳ ಬಗ್ಗೆ ನಾಲ್ಕು ಸಾಲು ಬಿಡದೆ ಹಾಕಿದೆ. ಇನ್ನೊಂದು ಆ ಹೆಂಗಸಿನದು. ಅದಕ್ಕೆ ಬಂದ ದುಡ್ಡು ಹೇಳಿದರೆ ಅಕ್ಕ ಇನ್ನೊಂದು ಸಲ ಫೋನ್ ಮಾಡುತ್ತಾಳೆ. ಆದರೆ 2025ರ ಮೇನಲ್ಲಿ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಕೇರಳದ ಹತ್ತಿರ ಮುಳುಗಿ, ಅದೇ ಸಬ್ಬಕ್ಕಿ ತಿರುವನಂತಪುರದ ದಡಕ್ಕೆ ಬಂದಾಗ ಏನು ಕೇಳಬೇಕು ಅಂತ ನನಗೆ ಗೊತ್ತಿತ್ತು. ಅದೇ ವರ್ಷ ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ಎಕ್ಸ್-ಪ್ರೆಸ್ ಪರ್ಲ್ ಹಡಗಿನವರಿಗೆ 100 ಕೋಟಿ ಡಾಲರ್ ಪರಿಹಾರ ಕೊಡಿ ಅಂದಿತು. ನಾಲ್ಕು ವರ್ಷ ಹಿಡಿಯಿತು ನೋಡು. ರೆಸಾರ್ಟ್‌ನವರು ಕೊಡುವುದು ಐದು ದಿನ.

ಉಳಿದ ವ್ಯವಹಾರ ಬೇಗ ಹೇಳಿಬಿಡುತ್ತೇನೆ. ಲೇಖನ ಒಪ್ಪಿದಾಗ ದುಡ್ಡೋ, ಅಚ್ಚಾದಾಗಲೋ ಅಂತ ಮೊದಲೇ ಮೇಲ್‌ನಲ್ಲಿ ಕೇಳು. ಬರೆಸಿಕೊಂಡು ಹಾಕದೆ ಹೋದರೆ ಎಷ್ಟು ಕೊಡುತ್ತಾರೆ, ಅದನ್ನೂ ಕೇಳು. ನಾಚಿಕೆ ಬೇಡ. ನಾನು ನಾಚಿಕೊಂಡು ಒಂದು ಪತ್ರಿಕೆಯ ಹಿಂದೆ ಹನ್ನೊಂದು ತಿಂಗಳು ಅಲೆದೆ. ಹೊರದೇಶದಿಂದ ದುಡ್ಡು ಬಂದಾಗ ಬ್ಯಾಂಕ್‌ನವರು ಅದು ಯಾತಕ್ಕೆ ಬಂತು ಅಂತ ಹೇಳುವ ಪರ್ಪಸ್ ಕೋಡ್ ಕೇಳುತ್ತಾರೆ, ಇನ್‌ವಾಯ್ಸ್ ಎತ್ತಿಟ್ಟುಕೋ. ಟೂರಿಸ್ಟ್ ವೀಸಾದಲ್ಲಿ ವರದಿ ಮಾಡುವುದು ಬಹಳ ದೇಶಗಳಲ್ಲಿ ಅಪರಾಧ. ಸಿಕ್ಕಿಬಿದ್ದರೆ ನಿನ್ನನ್ನು ವಿಮಾನ ಹತ್ತಿಸುತ್ತಾರೆ, ಜೊತೆಗೆ ಸುತ್ತಿ ದಾರಿ, ಭಾಷೆ, ಜನರ ಪರಿಚಯಕ್ಕೆ ನೆರವಾದ ಸ್ಥಳೀಯ ಫಿಕ್ಸರ್ ಅಲ್ಲೇ ಇರಬೇಕಲ್ವಾ? ಅವರಿಗೆ ದುಡ್ಡು ಅವತ್ತವತ್ತೇ ಕೊಡು. ನಿನಗೆ ಯಾವಾಗ ಬರುತ್ತದೆ ಅನ್ನುವುದು ಅವರ ತಲೆನೋವಲ್ಲ.

ಇಂಗ್ಲಿಷ್‌ನಲ್ಲಿ ಮಾರಿದ್ದನ್ನು ಕನ್ನಡದಲ್ಲೂ ಬರೆಯುತ್ತೀಯ ತಾನೇ? ಮಲ್ಪೆಯಲ್ಲಿ ಬಲೆ ಹಾಕುವವರಿಗೆ ನೆಗೊಂಬೊ ಸುದ್ದಿ ದೂರದ್ದಲ್ಲ.

ಭಾನುವಾರ ಬಾ. ಆ ಕಾಳುಗಳನ್ನು ಹಳೇ ಫಿಲಂ ಡಬ್ಬಿಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ. ಈಗ ಅದು ಪುಸ್ತಕದ ಬೀರುವಿನಲ್ಲಿದೆ. ಮೊದಲು ಅಡುಗೆಮನೆಯಲ್ಲಿತ್ತು. ನಿಮ್ಮತ್ತೆ ಒಂದು ಹಬ್ಬದ ದಿನ ಪಾಯಸಕ್ಕೆ ಅಂತ ಅದನ್ನು ನೀರಿಗೆ ಹಾಕಿ, ಎರಡು ಗಂಟೆಯಾದರೂ ನೆನೆಯಲಿಲ್ಲವಲ್ಲ ಅಂತ ಅಂಗಡಿಯವನನ್ನು ಬೈಯುತ್ತಿದ್ದಳು.

ನಿನ್ನ
ಮಾಮ