ನಿನ್ನ ತಲೆಗೆ ಹಚ್ಚುವ ಎಣ್ಣೆ

ಪ್ರೀತಿಯ ಪುಟ್ಟಿ,

ನಾಳೆ ನಿನಗೆ ಒಂದು ವರ್ಷ ತುಂಬುತ್ತದೆ. ಈಗ ರಾತ್ರಿ ಹನ್ನೊಂದು ಗಂಟೆ. ನೀನೂ ಅಮ್ಮನೂ ಮಲಗಿದ್ದೀರಿ. ಹಂಚಿನ ಮೇಲೆ ಒಂದೇ ಸಮ ಮಳೆ. ನಾನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದ್ದೇನೆ. ಬಾಣಲೆಯಲ್ಲಿ ಆರು ತೆಂಗಿನಕಾಯಿಯ ಹಾಲು ಸಣ್ಣ ಉರಿಯಲ್ಲಿ ಕುದಿಯುತ್ತಿದೆ. ನಾಳೆ ಬೆಳಿಗ್ಗೆ ನಿನ್ನ ತಲೆಗೆ, ಮೈಗೆ ಹಚ್ಚುವ ಎಣ್ಣೆ ಇದರಿಂದಲೇ ಬರಬೇಕು. ಎಣ್ಣೆ ಬಿಡೋದಕ್ಕೆ ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ನಿನಗೆ ಬರೆಯೋಣ ಅನಿಸಿತು.

ಈ ತೆಂಗಿನೆಣ್ಣೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನೀನು ಬರುವ ಸುದ್ದಿಯನ್ನು ನಮಗೆ ಮೊದಲು ಹೇಳಿದ್ದೇ ಅದು.

2023ರ ನವೆಂಬರ್ ಕೊನೆ. ಬೆಳಿಗ್ಗೆ ನಾನು ಅಲಸಂದೆ ಪಲ್ಯಕ್ಕೆ ಒಗ್ಗರಣೆ ಇಡುತ್ತಿದ್ದೆ. ಎಣ್ಣೆ ಕಾದು ಸಾಸಿವೆ ಸಿಡಿಯುವ ಹೊತ್ತಿಗೆ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದಳು. ಮರುದಿನವೂ ಹಾಗೇ ಆಯಿತು. ಮೂರನೇ ದಿನ ಮೆಡಿಕಲ್‌ನಿಂದ ಕಿಟ್ ತಂದೆವು. ಎರಡು ಗೆರೆ ಬಂತು. ಅಮ್ಮ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು. ಆಮೇಲೆ "ರೀ, ಆ ಎಣ್ಣೆ ಬಾಟಲಿ ಮೊದಲು ಹೊರಗಿಡಿ" ಅಂದಳು.

ನಿನ್ನ ಅಮ್ಮ ತೀರ್ಥಹಳ್ಳಿಯವಳು. ಉಡುಪಿಗೆ ಬಂದ ಮೇಲೆ ನಮ್ಮ ತೆಂಗಿನೆಣ್ಣೆಯ ಅಡುಗೆಯನ್ನು ಇಷ್ಟಪಟ್ಟು ಉಂಡವಳು. ಅವಳಿಗೇ ಈಗ ಆ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಬಾಟಲಿ ಹಿತ್ತಲಿನ ಸೌದೆ ಕೊಟ್ಟಿಗೆಗೆ ಹೋಯಿತು. ನಾನು ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟೆ. ಪಕ್ಕದ ಮನೆಯ ದೊಡ್ಡಮ್ಮನಿಗೆ ವಿಷಯ ಗೊತ್ತಾಗಿದ್ದೇ ತಡ, ನಮ್ಮ ಕಡೆಗಿರುವ ತಮ್ಮ ಅಡುಗೆಮನೆಯ ಕಿಟಕಿ ಮುಚ್ಚಿಬಿಟ್ಟರು. ಒಂದೂವರೆ ತಿಂಗಳು ಆ ಹೊಗೆಯಲ್ಲೇ ಅಡುಗೆ ಮಾಡಿದರು. ನಾವು ಕೇಳಿರಲಿಲ್ಲ. ಅವರೂ ಹೇಳಲಿಲ್ಲ. ಒಂದು ದಿನ ಸುಮ್ನೆ ಆ ಕಡೆ ಕಣ್ಣು ಹೋದಾಗ ನನಗೆ ತಿಳಿಯಿತು.

ಆ ದಿನಗಳಲ್ಲಿ ಅಮ್ಮನ ಹೊಟ್ಟೆಯಲ್ಲಿ ನಿಂತಿದ್ದು ಕುಚ್ಚಲಕ್ಕಿ ಗಂಜಿ ಮತ್ತು ತೀರ್ಥಹಳ್ಳಿ ಅಜ್ಜಿ ಭರಣಿಯಲ್ಲಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ, ಅಷ್ಟೇ. ಗಂಜಿ ತಿಳಿಯಲ್ಲಿ ಒಂದು ಮಿಡಿ ಹಾಕಿ, ಅದನ್ನೇ ನೆಕ್ಕುತ್ತಾ ಕೂರುತ್ತಿದ್ದಳು.

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬ. 2024ರ ಜನವರಿ 18ರಂದು ಪುತ್ತಿಗೆ ಮಠದ ಪರ್ಯಾಯ. ಹಿಂದಿನ ರಾತ್ರಿ ಊರಿಡೀ ರಥಬೀದಿ ಕಡೆ, ಜೋಡುಕಟ್ಟೆ ಕಡೆ ನಡೆಯುತ್ತಿತ್ತು. ಚಿಕ್ಕಂದಿನಿಂದ ನಾನು ಆ ಮೆರವಣಿಗೆ ತಪ್ಪಿಸಿದವನಲ್ಲ. ಆ ರಾತ್ರಿ ಮನೆಯಲ್ಲೇ ಉಳಿದೆ. ಕುಂಜಿಬೆಟ್ಟಿನವರೆಗೂ ವಾಹನಗಳ ಸದ್ದು ಕೇಳುತ್ತಿತ್ತು. ಎರಡು ಗಂಟೆಗೆ ಅಮ್ಮ ನನ್ನನ್ನು ಎಬ್ಬಿಸಿದಳು. "ರೀ, ಹಸಿವಾಗ್ತಿದೆ. ದೋಸೆ ಬೇಕು." ಹಿಟ್ಟು ಇತ್ತು. ಕಾವಲಿ ಇಟ್ಟು ತುಪ್ಪದ ಡಬ್ಬ ತೆಗೆದೆ. "ತುಪ್ಪ ಬೇಡ, ತೆಂಗಿನೆಣ್ಣೆ ಹಾಕಿ" ಅಂದಳು. ನನಗೆ ನಂಬಿಕೆ ಬರಲಿಲ್ಲ. ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ ಬಾಟಲಿ ತಂದೆ. ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಚಮಚದ ಹಿಡಿಯಿಂದ ಕೆರೆದು ಹಾಕಿದೆ. ಅವಳು ನಾಲ್ಕು ದೋಸೆ ತಿಂದಳು. ಬೆಳಿಗ್ಗೆ ದೊಡ್ಡಮ್ಮನ ಕಿಟಕಿಯೂ ತೆರೆಯಿತು.

ನೀನು ಮೊದಲು ಅಲುಗಾಡಿದ್ದು ಮಾರ್ಚ್‌ನಲ್ಲಿ. ಹೇಗಿತ್ತು ಅಂತ ಕೇಳಿದೆ. "ಪಾಯಸ ಕುದಿಯೋಕೆ ಮೊದಲು ಒಂದೇ ಒಂದು ಗುಳ್ಳೆ ಏಳುತ್ತಲ್ಲ, ಹಾಗೆ" ಅಂದಳು. ನಾನು ಕೈ ಇಟ್ಟರೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಕೈಗೆ ನೀನು ಸಿಕ್ಕಿದ್ದು ಅದಾಗಿ ಮೂರು ವಾರದ ಮೇಲೆ.

ಅದೇ ತಿಂಗಳು ಐದನೇ ತಿಂಗಳ ಸ್ಕ್ಯಾನಿಂಗ್. ಗೋಡೆಯ ಮೇಲೆ ಬೋರ್ಡ್ ಇತ್ತು, ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಅಂತ. 1994ರಲ್ಲಿ ಮಾಡಿದ ಕಾನೂನು ಅದು. ಆ ಬೋರ್ಡನ್ನು ಮೊದಲೂ ನೋಡಿದ್ದೆ. ಅದು ಯಾಕೆ ಬೇಕಾಯಿತು ಅಂತ ಅವತ್ತು ಅದರ ಕೆಳಗೆ ಕೂತು ಯೋಚಿಸಿದೆ. ಪರದೆಯಲ್ಲಿ ನಿನ್ನ ಬೆನ್ನುಮೂಳೆ ಮಲ್ಲಿಗೆ ದಂಡೆ ಕಟ್ಟಿದ ಹಾಗೆ ಸಾಲಾಗಿ ಕಾಣಿಸಿತು. ಎದೆ ಬಡಿತ ಕೇಳಿಸಿದರು. ನಮಗೆ ಅಷ್ಟು ಸಾಕಿತ್ತು.

ಈಗ ಒಂದು ಮುಖ್ಯ ವಿಷಯ. ಚೊಚ್ಚಲ ಹೆರಿಗೆ ತವರಲ್ಲೇ ಅಂತ ನಮ್ಮಲ್ಲಿ ಪದ್ಧತಿ. ಅಮ್ಮ ತೀರ್ಥಹಳ್ಳಿಗೆ ಹೋಗಬೇಕಿತ್ತು. ಆದರೆ ಅಜ್ಜಿಗೆ ಮಂಡಿ ಆಪರೇಷನ್ ಆಗಿತ್ತು. ನಿನ್ನ ದಿನ ಬೇರೆ ಜುಲೈ ಕೊನೆಗೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಎಲ್ಲಿ ಮರ ಬೀಳುತ್ತೋ, ಎಲ್ಲಿ ಗುಡ್ಡ ಜರಿಯುತ್ತೋ ಹೇಳೋಕಾಗಲ್ಲ. ಇವು ನಾವು ಎಲ್ಲರಿಗೂ ಹೇಳಿದ ಕಾರಣಗಳು. ನಿಜವಾದವೇ. ನನ್ನೊಳಗೆ ಇನ್ನೊಂದು ಕಾರಣ ಇತ್ತು, ಅದನ್ನು ನಿನಗೆ ಹೇಳುತ್ತೇನೆ.

ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, ಬೊಂಬಾಯಿಯ ಒಂದು ಉಡುಪಿ ಹೋಟೆಲಿನಲ್ಲಿ ದುಡಿಯುತ್ತಿದ್ದರು. ನಾನು ಹುಟ್ಟಿದ ಸುದ್ದಿ ಅವರಿಗೆ ಕಾಗದದಲ್ಲಿ ತಲುಪಿತು. ನನ್ನನ್ನು ಮೊದಲು ಎತ್ತಿಕೊಂಡಾಗ ನನಗೆ ಐದು ತಿಂಗಳು. "ನೀನು ನನ್ನ ನೋಡಿ ಹೆದರಿ ಅತ್ತೆ ಮಾರಾಯ" ಅಂತ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಹೇಳುವಾಗ ನಗುತ್ತಿದ್ದರು, ಆದರೆ ಅದನ್ನು ಎಷ್ಟು ಸಲ ಹೇಳಿದರು ಅಂತ ಲೆಕ್ಕ ಇಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು. ಹೆಂಡತಿಯನ್ನು ತವರಿಗೆ ಬಿಟ್ಟು, ಭಾನುವಾರ ಹಣ್ಣು ಹಿಡಿದುಕೊಂಡು ಹೋಗಿ ಮಗುವನ್ನು ನೋಡಿ ಬರುವ ಅಪ್ಪ ನಾನಾಗಬಾರದು ಅಂತ ತೀರ್ಮಾನ ಮಾಡಿದೆ.

ಅಮ್ಮನಿಗೆ ಕಾನೂನಿನ ಪ್ರಕಾರ 26 ವಾರ ರಜೆ ಸಿಕ್ಕಿತು. ಖಾಸಗಿ ಕೆಲಸದ ಅಪ್ಪಂದಿರಿಗೆ ಅಂಥ ಕಾನೂನು ಇಲ್ಲ. ಇರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಎರಡು ವರ್ಷ ಕೂಡಿಟ್ಟ ರಜೆ 21 ದಿನ ಆಗಿತ್ತು. ಅಷ್ಟನ್ನೂ ನಿನಗೇ ಇಟ್ಟೆ.

ಮೇ ತಿಂಗಳಲ್ಲಿ ಬಯಕೆ ಶಾಸ್ತ್ರ ಆಯಿತು. ಅಮ್ಮನ ಜಡೆ ಕಾಣದಷ್ಟು ಶಂಕರಪುರ ಮಲ್ಲಿಗೆ. ಮಾರನೇ ದಿನದಿಂದ ದೊಡ್ಡಮ್ಮ ಹಳೆಯ ಹತ್ತಿ ಸೀರೆ, ಪಂಚೆ ಎಲ್ಲಾ ಕೇಳಿ ತಂದರು. ಕುದಿಯುವ ನೀರಲ್ಲಿ ಅದ್ದಿ, ಮೇ ಬಿಸಿಲಿಗೆ ಹಾಕಿ, ಚೌಕ ಚೌಕ ಹರಿದು ಅರವತ್ತು ತುಂಡು ಮಾಡಿದೆವು. "ಇಷ್ಟು ಯಾಕೆ ದೊಡ್ಡಮ್ಮ?" ಅಂದೆ. "ಆಟಿಯಲ್ಲಿ ಗೊತ್ತಾಗ್ತದೆ" ಅಂದರು. ಆಟಿ ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳು.

ಜುಲೈ 16ಕ್ಕೆ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಟಿವಿಯಲ್ಲಿ ಅದನ್ನು ನೋಡುತ್ತಾ ಅಮ್ಮ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಆಮೇಲೆ ಟಿವಿ ಹಾಕಲಿಲ್ಲ.

22ನೇ ತಾರೀಕು, ಸೋಮವಾರ. ನಸುಕಿಗೆ ನೋವು ಶುರುವಾಯಿತು, ಮಧ್ಯಾಹ್ನದ ಹೊತ್ತಿಗೆ ನೀನು ಬಂದೆ. ನಡುವಿನದ್ದು ಅಮ್ಮ ಹೇಳಬೇಕಾದ ಮಾತು, ನಾನು ಬರೆಯುವುದಿಲ್ಲ. ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ತಂದ ನರ್ಸ್ "ಹೆಣ್ಣುಮಗು" ಅಂದು ನನ್ನ ಮುಖ ನೋಡಿದರು. ನಾನು ಏನನ್ನುತ್ತೇನೋ ಅಂತ ಕಾಯುವ ನೋಟ ಅದು. ಎಷ್ಟು ಅಪ್ಪಂದಿರ ಮುಖ ನೋಡಿ ಅವರಿಗೆ ಆ ಅಭ್ಯಾಸ ಬಂದಿರಬೇಕು! ನಾನು ಕೈ ಚಾಚಿದೆ. ಅವರ ಮುಖ ಸಡಿಲವಾಯಿತು. ನೀನು ಎರಡು ಕಿಲೋ ಎಂಟುನೂರು ಗ್ರಾಂ ಇದ್ದೆ. ಕಣ್ಣು ಬಿಗಿಯಾಗಿ ಮುಚ್ಚಿದ್ದೆ. ನನ್ನ ನೋಡಿ ಅಳಲಿಲ್ಲ.

ಮೂರನೇ ದಿನ ನಿನ್ನ ಮೈ ಹಳದಿಯಾಯಿತು. ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ ಅಂತ ಡಾಕ್ಟರ್ ಹೇಳಿದರು. ಕಣ್ಣಿಗೆ ಪುಟ್ಟ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಹಾಲು ಕುಡಿಸಲು ಮಾತ್ರ ಹೊರಗೆ ತೆಗೆಯುತ್ತಿದ್ದರು. ಅಮ್ಮ ಆ ಪೆಟ್ಟಿಗೆಯ ಪಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ಆರನೇ ದಿನ ಮನೆಗೆ ಬಂದೆವು.

ದೊಡ್ಡಮ್ಮ ಹೇಳಿದ್ದು ಗೊತ್ತಾಗಿದ್ದು ಆಮೇಲೆ. ದಿನಕ್ಕೆ ಇಪ್ಪತ್ತು ಬಟ್ಟೆ ಒದ್ದೆ. ಹೊರಗೆ ಎಂಟು ದಿನ ಸೂರ್ಯನ ಮುಖ ಇಲ್ಲ. ಜಗಲಿಯಲ್ಲಿ ಹಗ್ಗ, ಅಡುಗೆಮನೆಯಲ್ಲಿ ಹಗ್ಗ, ಫ್ಯಾನಿನ ಕೆಳಗೆ ಕುರ್ಚಿಗಳ ಮೇಲೆ ಬಟ್ಟೆ. ಒಣಗಿತು ಅಂತ ಮೂಸಿದರೆ ಕಮಟು ವಾಸನೆ. ಇಸ್ತ್ರಿ ಹಾಕೋಣ ಅಂದರೆ ಕರೆಂಟು ಇಲ್ಲ. ಕೊನೆಗೆ ದೊಡ್ಡಮ್ಮನೇ ಹೇಳಿಕೊಟ್ಟರು. ಬಚ್ಚಲಿನ ಹಂಡೆಯ ಒಲೆಗೆ ತೆಂಗಿನ ಗೆರಟೆ ಹಾಕಿ ಉರಿಸಬೇಕು. ಉರಿ ಇಳಿದ ಮೇಲೆ ಕೆಂಡವನ್ನು ಹಳೆಯ ಕಬ್ಬಿಣದ ಬಾಣಲೆಗೆ ಎಳೆದು, ಅದರ ಮೇಲೆ ದೊಡ್ಡ ಬಿದಿರಿನ ಬುಟ್ಟಿ ಕವುಚಬೇಕು. ಬುಟ್ಟಿಯ ಮೇಲೆ ಬಟ್ಟೆ ಹರಡಬೇಕು. ಹತ್ತು ನಿಮಿಷಕ್ಕೊಮ್ಮೆ ಮಗುಚಬೇಕು, ಇಲ್ಲದಿದ್ದರೆ ಸುಡುತ್ತದೆ. ರಾತ್ರಿ ಹನ್ನೆರಡರವರೆಗೆ ನಾನು ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಅದನ್ನೇ ಮಾಡುತ್ತಿದ್ದೆ. ಒಣಗಿದ ಬಟ್ಟೆ ಬೆಚ್ಚಗೆ, ಸ್ವಲ್ಪ ಹೊಗೆ ವಾಸನೆ. ಅದರಲ್ಲಿ ಸುತ್ತಿದರೆ ನೀನು ಕೈಕಾಲು ಬಡಿಯುವುದನ್ನು ನಿಲ್ಲಿಸುತ್ತಿದ್ದೆ. ನನ್ನ ರಜೆಯ ಅತ್ಯಂತ ಒಳ್ಳೆಯ ಗಂಟೆಗಳು ಅವು.

ಅಮ್ಮನಿಗೆ ಆ ದಿನಗಳು ಹಾಗಿರಲಿಲ್ಲ. ಮೆಂತೆ ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಯಾಕೆ ಅಂದರೆ ಗೊತ್ತಿಲ್ಲ ಅನ್ನುತ್ತಿದ್ದಳು. ಹಾಲು ಸಾಲುತ್ತಿಲ್ಲ, ನೀನು ಇಳಿದುಹೋಗಿದ್ದೀ ಅಂತ ಹೆದರಿಕೆ. ಹೆರಿಗೆಯಾದ ಹೊಸದರಲ್ಲಿ ತುಂಬಾ ತಾಯಂದಿರಿಗೆ ಹೀಗಾಗುತ್ತದೆ, ಎರಡು ವಾರ ದಾಟಿದರೂ ಕಡಿಮೆಯಾಗದಿದ್ದರೆ ಕರ್ಕೊಂಡು ಬನ್ನಿ ಅಂದರು ಡಾಕ್ಟರ್. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ ಅಂತಲೂ ಹೇಳಿದರು. ನಾನು ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ನಡುರಾತ್ರಿ ನೀನು ಎದ್ದಾಗ ನಾನೂ ಎದ್ದು ಕೂತೆ, ನೀರು ಕೊಟ್ಟೆ, ಬೆನ್ನಿಗೆ ದಿಂಬು ಇಟ್ಟೆ. ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಅಂತ ಹೇಳಿದವರಿದ್ದರು. ಆ ಮಾತನ್ನು ನಾನು ಮನೆಯೊಳಗೆ ಬಿಡಲಿಲ್ಲ. ಹಾಲು ಕುಡಿಸುವವಳಿಗೆ ಬಾಯಾರಿಕೆ ಆಗದೆ ಇರುತ್ತಾ? ಹದಿನಾಲ್ಕನೇ ದಿನ ಆಟಿ ಅಮಾವಾಸ್ಯೆ. ಅವತ್ತು ನಿನ್ನ ತೂಕ ಹುಟ್ಟಿದ ದಿನದ ತೂಕಕ್ಕಿಂತ ಮೇಲೆ ಹೋಗಿತ್ತು. ಅವತ್ತಿನ ಗಂಜಿಯನ್ನು ಅಮ್ಮ ಪೂರ್ತಿ ಉಂಡಳು.

ನಿನಗೆ ಸ್ನಾನ ಮಾಡಿಸುತ್ತಿದ್ದವರು ದೊಡ್ಡಮ್ಮ. ಕಾಲು ಚಾಚಿ ಕೂತು, ಮೊಣಕೈಯಿಂದ ನೀರಿನ ಬಿಸಿ ನೋಡಿ, ಕಾಲಿನ ಮೇಲೆ ನಿನ್ನನ್ನು ಮಲಗಿಸಿಕೊಳ್ಳುತ್ತಿದ್ದರು. ಎಣ್ಣೆಯನ್ನೂ ಅವರೇ ಕಾಯಿಸಿ ತರುತ್ತಿದ್ದರು. ಒಂದೇ ವಿಷಯಕ್ಕೆ ನಮಗೂ ಅವರಿಗೂ ಬೇಸರವಾಗಿತ್ತು. ನಾಲಿಗೆಗೆ ಒಂದು ತೊಟ್ಟು ಜೇನು ತಾಗಿಸಬೇಕು ಅಂದರು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಅಪಾಯ ಅಂತ ಡಾಕ್ಟರ್ ಹೇಳಿದ್ದರು. ಅಮ್ಮ ಬೇಡ ಅಂದಳು. ಎರಡು ದಿನ ದೊಡ್ಡಮ್ಮನ ಮಾತು ಕಡಿಮೆಯಾಯಿತು. ಸ್ನಾನಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಬಂದರು. ಮೂರನೇ ದಿನ ಬೇಲಿಯ ಆಚೆಯಿಂದ ಎಂದಿನಂತೆ "ಬಾಲೆ ಜೆತ್ತ್ಂಡಾ?" ಅಂತ, ಮಗು ಮಲಗಿತಾ ಅಂತ, ತುಳುವಿನಲ್ಲಿ ಕೇಳಿದರು. ಮಲಗಿದ್ದೀ ಅಂದೆ. ಅಲ್ಲಿಗೆ ಎಲ್ಲಾ ಸರಿಹೋಯಿತು.

ಕೃಷ್ಣಾಷ್ಟಮಿ ಕಳೆದು ಸ್ವಲ್ಪ ದಿನಕ್ಕೆ ಅವರಿಗೆ ಜ್ವರ ಬಂತು. ಅವತ್ತು ಮಣೆಯ ಮೇಲೆ ನಾನು ಕೂತೆ. ಎಣ್ಣೆ ಹಚ್ಚಿದ ನಿನ್ನ ಬೆನ್ನು ನನ್ನ ಅಂಗೈಯಲ್ಲಿ ಜಾರುತ್ತಿತ್ತು. ಅಮ್ಮ ಚೆಂಬಿನಿಂದ ನೀರು ಹೊಯ್ದಳು. ನೀನು ಮೊದಲು ಮುಖ ಸಿಂಡರಿಸಿದೆ, ಆಮೇಲೆ ನಿದ್ದೆಗೆ ಜಾರಿದೆ. ಅವತ್ತಿನಿಂದ ಆ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ದೊಡ್ಡಮ್ಮ ಈಗ ಬಾಗಿಲಲ್ಲಿ ನಿಂತು "ಕಿವಿಗೆ ಕೈ ಅಡ್ಡ ಹಿಡಿ" ಅಂತ ಹೇಳುತ್ತಾರೆ. ಎಣ್ಣೆ ಕಾಯಿಸುವುದನ್ನೂ ಅವರೇ ಕಲಿಸಿದರು.

ಬಾಣಲೆಯ ಚಟಪಟ ನಿಂತಿದೆ. ನೀರು ಪೂರ್ತಿ ಇಂಗಿತು ಅಂತ ಅರ್ಥ. ತಳದಲ್ಲಿ ಗಸಿ ಕೆಂಪಗಾಗಿದೆ, ಮೇಲೆ ಎಣ್ಣೆ ತಿಳಿಯಾಗಿ ನಿಂತಿದೆ. ಇಡೀ ಮನೆ ಅದರ ವಾಸನೆ. ಈಗ ಅಮ್ಮ ಎದ್ದು ಬಂದಳು, ಕಣ್ಣು ಉಜ್ಜಿಕೊಳ್ಳುತ್ತಾ. "ಎಣ್ಣೆ ಆಯ್ತಾ?" ಅಂದಳು. ಬೆಲ್ಲದ ಡಬ್ಬ ತೆಗೆದು, ಬಿಸಿ ಗಸಿಗೆ ಒಂದು ಚೂರು ಸೇರಿಸಿ, ಒಲೆಯ ಪಕ್ಕ ನಿಂತೇ ತಿನ್ನುತ್ತಿದ್ದಾಳೆ. ನನಗೂ ಒಂದು ಚಮಚ ಕೊಟ್ಟಳು. ನಾನು ಎಣ್ಣೆ ಸೋಸಬೇಕು.

ನಿನ್ನ ಅಪ್ಪ
ಉಡುಪಿ, 21 ಜುಲೈ 2025