ಕನ್ನಂಬಾಡಿ ತುಂಬಿರುವಾಗಲೇ ಕೇಳಬೇಕಾದ ಮಾತು

ಫೀನಿಕ್ಸ್, ಅರಿಜೋನಾ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಕನ್ನಂಬಾಡಿ 124.80 ಅಡಿ ಮುಟ್ಟಿತೆಂದು ಅವ್ವ ಫೋನಿನಲ್ಲಿ ಹೇಳಿದಳು. ಈ ಸಲ ನಾಟಿಗೆ ಆತಂಕವಿಲ್ಲವೆಂದು ಸಮಾಧಾನವಾಯಿತು. ಆದರೂ 2023 ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ತೂಬಿನವರೆಗೆ ನೀರು ಬಾರದೆ ಪೈರು ಒಣಗಿತು, ನೀವು ಮಂಡ್ಯದಲ್ಲಿ ಸರ್ ಎಂ.ವಿ. ಪ್ರತಿಮೆಯ ಮುಂದೆ ಧರಣಿ ಕುಳಿತಿರಿ. ಆಗ ಕೇಳಿದ್ದಿರಿ: "ಆ ದೇಶದಲ್ಲೂ ನದಿಗೆ ಹೀಗೆ ಬಡಿದಾಡುತ್ತಾರೇನಮ್ಮ?"

ಬಡಿದಾಡುತ್ತಾರೆ ಅಪ್ಪ. ನಮ್ಮ ಮನೆಯ ನಲ್ಲಿಗೆ ಬರುವ ನೀರಿನಲ್ಲಿ ಒಂದು ಪಾಲು ಕೊಲರಾಡೊ ನದಿಯದು. ಅದನ್ನು ಮರುಭೂಮಿಯ ನಡುವೆ ಹೊತ್ತು ತರುವ ಕಾಲುವೆಯ ಉದ್ದ ಸುಮಾರು 540 ಕಿಲೋಮೀಟರ್. 1922ರಲ್ಲಿ ಏಳು ರಾಜ್ಯಗಳು ಕುಳಿತು ನದಿಗೆ ಒಪ್ಪಂದ ಬರೆದವು. ಅರಿಜೋನಾದ ಶಾಸನಸಭೆ 1944ರವರೆಗೆ ಅದನ್ನು ಒಪ್ಪಲಿಲ್ಲ. 1934ರಲ್ಲಂತೂ ಕ್ಯಾಲಿಫೋರ್ನಿಯಾಕ್ಕೆ ನೀರು ಕೊಡಲಿದ್ದ ಪಾರ್ಕರ್ ಅಣೆಕಟ್ಟೆಯ ಕೆಲಸ ತಡೆಯಲು ಇಲ್ಲಿನ ಗವರ್ನರ್ ನದಿ ದಂಡೆಗೆ ಸೈನಿಕರನ್ನೇ ಕಳಿಸಿದ್ದರು. ಕ್ಯಾಲಿಫೋರ್ನಿಯಾದ ಮೇಲೆ ಅರಿಜೋನಾ 1952ರಲ್ಲಿ ಹೂಡಿದ ದಾವೆಯ ತೀರ್ಪು ಬಂದದ್ದು 1963ರಲ್ಲಿ. ಇಲ್ಲಿನವರದು ಎಕರೆ-ಅಡಿ ಲೆಕ್ಕ. ನಿಮಗಾಗಿ ಟಿಎಂಸಿಗೆ ತಿರುಗಿಸಿದೆ. ತೀರ್ಪಿನಂತೆ ವರ್ಷಕ್ಕೆ ಕ್ಯಾಲಿಫೋರ್ನಿಯಾಕ್ಕೆ ಸುಮಾರು 192, ಅರಿಜೋನಾಕ್ಕೆ 122, ನೆವಾಡಕ್ಕೆ 13. ಆ 192 ಕಂಡು ಪೆನ್ಸಿಲ್ ಕೆಳಗಿಟ್ಟೆ. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು ತಮಿಳುನಾಡಿಗೆಂದು ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ಹರಿಸಬೇಕೆಂದಿದ್ದ ನೀರೂ 192 ಟಿಎಂಸಿಯೇ. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು 177.25ಕ್ಕೆ ಇಳಿಸಿದ ದಿನ ನೀವು ಸಿಹಿ ಹಂಚಿದ್ದಿರಿ.

ಅರಿಜೋನಾವೂ ಗೆದ್ದಿತ್ತು. ಆದರೆ ಗೆದ್ದ ನೀರನ್ನು ತರುವ ಕಾಲುವೆಗೆ ಕೇಂದ್ರದ ಹಣ ಬೇಕಿತ್ತು. ಅದಕ್ಕಾಗಿ 1968ರಲ್ಲಿ ಒಂದು ಷರತ್ತಿಗೆ ತಲೆಯಾಡಿಸಿತು: ನೀರು ಸಾಲದ ವರ್ಷ ಮೊದಲು ಕ್ಯಾಲಿಫೋರ್ನಿಯಾದ ಪಾಲು, ಆಮೇಲೆ ಈ ಕಾಲುವೆಯ ಪಾಲು. 2021ರ ಆಗಸ್ಟ್‌ನಲ್ಲಿ ಕೊಲರಾಡೊ ನದಿಗೆ ಮೊದಲ ಬಾರಿಗೆ ಅಧಿಕೃತವಾಗಿ ಕೊರತೆ ಘೋಷಣೆಯಾಯಿತು. ಮರುವರ್ಷ ಅರಿಜೋನಾದ ಪಾಲಿನಲ್ಲಿ ಶೇ 18ರಷ್ಟು, ಅಂದರೆ ಸುಮಾರು 22 ಟಿಎಂಸಿ ಕಡಿತ. ಕ್ಯಾಲಿಫೋರ್ನಿಯಾಕ್ಕೆ ಆ ವರ್ಷ ಒಂದು ಹನಿಯೂ ಕಡಿತವಾಗಲಿಲ್ಲ. ಪೆಟ್ಟು ಬಿದ್ದದ್ದು ನಮ್ಮೂರಿನ ದಕ್ಷಿಣಕ್ಕಿರುವ ಪಿನಾಲ್ ಎಂಬಲ್ಲಿನ ರೈತರಿಗೆ. ಹತ್ತಿ, ಕುದುರೆ ಮಸಾಲೆ ಮೇವು ಬೆಳೆಯುವ ನೆಲ. ಹೋಗಿ ನೋಡಿ ಬಂದೆ. ಬೀಳು ಬಿಟ್ಟ ಹೊಲದ ಬದುವಿನಲ್ಲಿ ನಿಂತಿದ್ದ ಮುದುಕರೊಬ್ಬರು ಕೈ ಹಿಂದೆ ಕಟ್ಟಿಕೊಂಡು ಮಣ್ಣನ್ನೇ ನೋಡುತ್ತಿದ್ದರು, ನೀವು ನಿಲ್ಲುವ ಹಾಗೆಯೇ. ಮಾತನಾಡಿಸಲು ನನಗೆ ಬಾಯಿ ಬರಲಿಲ್ಲ.

ಅಪ್ಪ, 1922ರವರು ಲೆಕ್ಕಕ್ಕೆ ಹಿಡಿದದ್ದು ಚೆನ್ನಾಗಿ ಮಳೆ, ಹಿಮ ಬಿದ್ದ ವರ್ಷಗಳ ಹರಿವನ್ನು. ಕಾಗದದಲ್ಲಿ ಹಂಚಿದಷ್ಟು ನೀರು ನದಿಯಲ್ಲಿ ಇಲ್ಲ. ನಮ್ಮ ಐತೀರ್ಪು ಆ ಮಟ್ಟಿಗೆ ಮೇಲು. ಕೊರತೆಯ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿರೆಂದು ಹೇಳಿದೆ. ಆದರೆ ಕೊರತೆಯನ್ನು ಅಳೆಯುವುದು ಹೇಗೆ, ಯಾವ ತಿಂಗಳು ಎಷ್ಟು ಬಿಡುವುದು ಎಂಬುದಕ್ಕೆ ಎರಡೂ ಕಡೆಯವರು ಒಪ್ಪಿದ ಸಂಕಷ್ಟ ಸೂತ್ರ ಇಲ್ಲ. ಅದಕ್ಕೇ ಮಳೆ ಕೈಕೊಟ್ಟಾಗಲೆಲ್ಲ ದೆಹಲಿಯ ಕಡೆ ಓಟ, ಮಂಡ್ಯದಲ್ಲಿ ಬಂದ್.

ನೀರು ಬಳಕೆದಾರರ ಸಂಘದ ಮುಂದಿನ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಬೇಕು. ಜಲಾಶಯ ತುಂಬಿರುವಾಗ ಯಾರೂ ಕಿವಿಗೊಡುವುದಿಲ್ಲ ಎನ್ನುತ್ತೀರಿ, ಗೊತ್ತು. ಬತ್ತಿದ ಮೇಲೆ ಕೇಳಿದರೆ ಸಿಟ್ಟಿನಲ್ಲಿ ಸೂತ್ರ ಹುಟ್ಟುವುದಿಲ್ಲ. 2003ರಲ್ಲಿ ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಎಂದು ಎದುರುಬದುರು ಕುಳಿತು ಮಾತನಾಡಿದ್ದರಲ್ಲ, ಮತ್ತೆ ಹಾಗೆ ಕೂರಲು ಇದೇ ಕಾಲ. ತಮಿಳುನಾಡಿನ ಕುರುವೈ ಭತ್ತ ಒಣಗಿದರೆ ತಂಜಾವೂರಿನ ಮನೆಯಲ್ಲೂ ಒಲೆ ಹೊತ್ತುವುದು ಕಷ್ಟವೇ.

ಅವ್ವನ ಮಂಡಿನೋವಿನ ಮಾತ್ರೆಗೆ ದುಡ್ಡು ಕಳಿಸಿದ್ದೇನೆ, ತಪ್ಪಿಸದಂತೆ ನೋಡಿಕೊಳ್ಳಿ. ನಾಲೆಯ ನೀರು ನಮ್ಮ ತೂಬಿಗೆ ಬಂದ ದಿನ ಒಂದು ಫೋಟೊ ಕಳಿಸಿ.

ನಿಮ್ಮ ಮಗಳು